ಮದಕಬರಿಯ ಕೊನೆಯ ಹೆಸರು

ಮತದಾರರ ಪಟ್ಟಿಯನ್ನು ನೀವು ಎಂದಾದರೂ ಕಥೆಯಂತೆ ಓದಿದ್ದೀರಾ? ಪಾಠದ ಜೊತೆಗೆ ಪಟ್ಟಿ ತಿದ್ದುವ ಕೆಲಸವೂ ನನ್ನ ಪಾಲಿಗೆ ಬಂದ ಮೇಲೆ, ಮಧ್ಯಾಹ್ನ ಬುತ್ತಿಯ ಪಕ್ಕದಲ್ಲಿ ಅದನ್ನು ಬಿಡಿಸಿಟ್ಟುಕೊಂಡು ಓದುವುದು ನನಗೆ ಅಭ್ಯಾಸವಾಗಿದೆ. ಯಾರು ಮದುವೆಯಾಗಿ ಬಂದರು, ಯಾರು ತೀರಿಕೊಂಡರು, ಯಾವ ಮನೆ ಎರಡಾಯಿತು ಎಂಬುದೆಲ್ಲ ಅದರಲ್ಲೇ ತಿಳಿಯುತ್ತದೆ. ಹಾಗೆ ಓದುತ್ತಿದ್ದಾಗ ಮದಕಬರಿ ಕಣ್ಣಿಗೆ ಬಿತ್ತು. ಗುಡ್ಡದ ನೀರು ಇಳಿದು ನಿಲ್ಲುವ ಕೆರೆಗೆ ನಮ್ಮ ಕಡೆ ಮದಕ ಎನ್ನುತ್ತಾರೆ. ಅದರ ಬದಿಯ ಊರು ಮದಕಬರಿ. ಆ ಊರಿನಲ್ಲಿ ಉಳಿದಿದ್ದುದು ಒಂದೇ ಹೆಸರು: ಕಮಲ, ವಯಸ್ಸು ಎಪ್ಪತ್ತು.

ಇಚಿಲಂಪಾಡಿಯವರೆಗೆ ಜೀಪಿನಲ್ಲಿ ಹೋಗಿ, ಅಲ್ಲಿಂದ ರಬ್ಬರ್ ಮರಗಳ ನಡುವೆ ಗುಡ್ಡ ಹತ್ತಿ ಇಳಿದೆ. ಮದಕ ತುಂಬಿತ್ತು, ಊರು ಇರಲಿಲ್ಲ. ಕೆಂಪುಕಲ್ಲಿನ ಒಂಬತ್ತು ಅಡಿಪಾಯಗಳು, ಮಣ್ಣು ತುಂಬಿದ ಒಂದು ಬಾವಿ, ಯಾರೂ ಕೊಯ್ಯದೆ ಉದುರಿದ ದಾಸವಾಳ. ರಬ್ಬರ್ ಹಾಲು ತೆಗೆಯುತ್ತಿದ್ದ ಟ್ಯಾಪರ್ ಒಬ್ಬರು, ಗಂಡ ತೀರಿಕೊಂಡ ಮೇಲೆ ಕಮಲಕ್ಕ ಮಾರ್ಗದ ಬದಿಯಲ್ಲಿ ತಂಗಿಯ ಮಗಳ ಜೊತೆ ಇದ್ದಾರೆ ಎಂದು ಹೇಳಿದರು.

ಊರು ಅಳಿಯಿತು ಎಂದರೆ ನೆರೆ, ಮಾರಿ, ಶಾಪ ಎಂದು ನಾವು ದೊಡ್ಡ ಕಾರಣವನ್ನೇ ಹುಡುಕುತ್ತೇವೆ. ಮದಕಬರಿಗೆ ಅಂಥದ್ದೇನೂ ಆಗಿರಲಿಲ್ಲ. ಗುಡ್ಡದಾಚೆಯ ಮಾರ್ಗಕ್ಕೆ ಡಾಮರು ಬಂತು. ಒಂದೊಂದೇ ಮನೆ ಅದರ ಕಡೆಗೆ ಸರಿಯಿತು, ಅಷ್ಟೆ. ಆದರೂ ಬಿಟ್ಟುಬಂದ ಊರಿನ ಹಂಬಲವನ್ನೂ ಒಂದಿಷ್ಟು ಕಣ್ಣೀರನ್ನೂ ನಿರೀಕ್ಷಿಸಿಯೇ ನಾನು ಕಮಲಕ್ಕನ ಜಗಲಿ ಹತ್ತಿದೆನೆಂದು ಒಪ್ಪಿಕೊಳ್ಳಬೇಕು.

ಕಮಲಕ್ಕ ಬೆಲ್ಲ, ನೀರು ತಂದಿಟ್ಟರು. "ಊರಿನ ನೆನಪು ಬರ್ತದಾ?" ಎಂದು ಕೇಳಿದೆ.

"ಎಂತದ್ದು ನೆನಪು ಟೀಚರೇ? ಮಳೆಗಾಲ ಬಂದ್ರೆ ಆಚೆ ಹೋಗ್ಲಿಕ್ಕಿಲ್ಲ. ಮಗನಿಗೆ ಆಗ ಐದು ವರ್ಷ. ಜ್ವರ ಬಂತು. ಇವರು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಗುಡ್ಡ ಹತ್ತಿದ್ರು. ಮಾರ್ಗಕ್ಕೆ ಮುಟ್ಟುವಾಗ ಅವ ಇರ್ಲಿಲ್ಲ. ಅಲ್ಲಿಂದ್ಲೇ ವಾಪಸ್ ತಂದು ಮದಕದ ಬದಿಯಲ್ಲಿ ಮಣ್ಣು ಮಾಡಿದ್ದು."

ಬೆಲ್ಲದ ತುಂಡು ನನ್ನ ಕೈಯಲ್ಲೇ ಕರಗುತ್ತಿತ್ತು. ಊರು ಖಾಲಿಯಾದದ್ದನ್ನು ನಷ್ಟವೆಂದೇ ಲೆಕ್ಕ ಹಾಕಿಕೊಂಡು ಬಂದವಳು ನಾನು. ಅವರು ಮಾರ್ಗಕ್ಕೆ ಬಂದದ್ದು ಊರನ್ನು ಕಳೆದುಕೊಂಡಲ್ಲ, ಊರಿಗೇ ಮಾರ್ಗವೊಂದಿದ್ದರೆ ಏನು ಉಳಿಯುತ್ತಿತ್ತು ಎಂಬುದನ್ನು ಚೆನ್ನಾಗಿ ತಿಳಿದುಕೊಂಡು.

"ಹಾಗಾದ್ರೆ ಎಲ್ಲರೂ ಹೆಸರು ಈ ಕಡೆಗೆ ಮಾಡಿಸಿಕೊಂಡಾಗ ನೀವು ಯಾಕೆ ಮಾಡಿಸ್ಲಿಲ್ಲ?"

ಅವರು ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಮಡಚಿದರು, ಬಿಡಿಸಿದರು. "ನಾನು ಬಂದೆ, ಇವರೂ ಬಂದ್ರು. ಮಗು ಅಲ್ಲೇ ಉಂಟಲ್ಲ? ಅದೊಂದನ್ನೇ ಬಿಟ್ಟು ಹೇಗೆ ಬರುದು? ನನ್ನ ಹೆಸರಾದ್ರೂ ಅಲ್ಲಿ ಇರ್ಲಿ ಅಂತ."

ವಿಳಾಸ ಬದಲಾವಣೆಯ ಫಾರಂ ನನ್ನ ಚೀಲದಲ್ಲಿತ್ತು. ಅದನ್ನು ತೆಗೆಯದೆ, "ಅವಸರ ಇಲ್ಲ ಕಮಲಕ್ಕ, ಇನ್ನೊಮ್ಮೆ ಬರ್ತೇನೆ," ಎಂದು ಎದ್ದೆ. ನಿಯಮದ ಪ್ರಕಾರ ಅದು ತಪ್ಪು.

ಅವರೇ ಕೈ ಚಾಚಿದರು. "ಕೊಡಿ, ಆ ಕಾಗದ ಕೊಡಿ. ನಿಮಗೆ ಮತ್ತೆ ಎಂತಕ್ಕೆ ತಿರುಗಾಟ?"

ಜಗಲಿಯ ಮೇಲೆ ಕಾಗದವನ್ನು ಹರವಿ, ಒಂದೊಂದೇ ಅಕ್ಷರವನ್ನು ಒತ್ತಿ ಸಹಿ ಮಾಡಿದರು. ಪೆನ್ನು ಹಿಂದೆ ಕೊಡುತ್ತ ಹೇಳಿದರು:

"ಅವನಿಗೂ ಈಗ ನಲ್ವತ್ತು ಕಳೀತು. ಇನ್ನು ಒಬ್ಬನೇ ಇರಬಹುದು."