ಗೊಂಬೆ ಹಬ್ಬದಲ್ಲಿ ಐರಿಷ್ ಕೋಟೆ

ಈ ಸಲದ ಗೊಂಬೆ ಹಬ್ಬಕ್ಕೆ ಐರ್ಲೆಂಡಿನ ಕೋಟೆಯನ್ನೇ ಕೂರಿಸುತ್ತೇನೆ ಎಂದು ಹಟ ಹಿಡಿದವಳು ನಾನೇ. ಸೊಸೆಯ ಅಜ್ಜಿ ಹುಟ್ಟಿದ್ದು ಆ ಕೋಟೆಯ ಪಕ್ಕದ ಹಳ್ಳಿಯಲ್ಲಿ. ಅಜ್ಜಿ ಈಗಿರುವುದು ಹ್ಯೂಸ್ಟನ್ ಹತ್ತಿರ, ದ ವುಡ್‌ಲ್ಯಾಂಡ್ಸ್‌ನಲ್ಲಿ. ಕಾಯಿಲೆಯಿಂದ ಮದುವೆಗೂ ಬಂದಿರಲಿಲ್ಲ. ಆಸ್ಟಿನ್‌ನಲ್ಲಿರುವ ಮಗ-ಸೊಸೆ ಅಲ್ಲಿಗೆ ಸುತ್ತುಹಾಕಿಕೊಂಡು ಹೋಗಿ ಅವರನ್ನು ಫ್ರಿಸ್ಕೋದ ನಮ್ಮ ಮನೆಗೆ ಮೊದಲ ಸಲ ಕರೆತರುವವರಿದ್ದರು. ಈ ಮನೆ ತಮ್ಮದೂ ಹೌದು ಅಂತ ಅವರಿಗೆ ಅನ್ನಿಸಲೇಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ಸೊಸೆಯಿಂದ ಕೋಟೆಯ ಕಥೆ ಕೇಳಿಕೊಂಡೆ. ಕಟ್ಟಿಸಿದವನು ಅಲ್ಲಿನ ಪಾಳೆಯಗಾರ. ಅವನಿಂದ ಇಂಗ್ಲೆಂಡಿನ ದಂಡು ಕಿತ್ತುಕೊಂಡಿತು. ಆಮೇಲೆ ತಲೆಮಾರುಗಟ್ಟಲೆ ಜಮೀನ್ದಾರರು. ಅವರು ಮಾರಿ ಹೋದ ಮೇಲೆ ಸನ್ಯಾಸಿನಿಯರ ಶಾಲೆ, ಈಗ ಹೋಟೆಲು. ಒಬ್ಬೊಬ್ಬ ಒಡೆಯನಿಗೆ ಒಂದೊಂದು ಮೆಟ್ಟಿಲು ಕೊಟ್ಟೆ. ಹೋಟೆಲಿನವನ ಜಾಗಕ್ಕೆ ನಮ್ಮ ದಿನಸಿ ಅಂಗಡಿಯ ಡೊಳ್ಳುಹೊಟ್ಟೆ ಶೆಟ್ಟರೇ ಬಂದು ಕೂತರು! ರಟ್ಟಿನ ಕೋಟೆಯನ್ನು ಎಲ್ಲಕ್ಕೂ ಮೇಲೆ, ಪಟ್ಟದ ರಾಜ-ರಾಣಿಯ ಬೆನ್ನ ಹಿಂದೆ ನಿಲ್ಲಿಸಿ ದೀಪ ಹಚ್ಚಿದೆ. ಮೈಸೂರಿನವಳು ನಾನು, ಅರಮನೆ ಎಂದರೆ ಊರಿಗೆಲ್ಲ ಹೆಮ್ಮೆ ಎಂದೇ ಬೆಳೆದವಳು. ಬೇರೆ ಥರವೂ ಇರಬಹುದೆಂದು ಹೊಳೆಯಲೇ ಇಲ್ಲ.

ಅಜ್ಜಿ ಬಂದರು. ನಗುನಗುತ್ತಾ ಗೊಂಬೆ ನೋಡುತ್ತಿದ್ದವರು ಮೇಲಿನ ಮೆಟ್ಟಿಲಿನ ಕೋಟೆ ಕಂಡದ್ದೇ ಅದರತ್ತ ಬೆರಳು ಮಾಡಿದರು.

"ನಮ್ಮಜ್ಜ ಕೂಸಾಗಿದ್ದಾಗ ಆ ಮನೆಯ ಜಮೀನ್ದಾರರು ನಮ್ಮ ಗುಡಿಸಲಿನ ಸೂರು ಕೀಳಿಸಿ ಎಲ್ಲರನ್ನೂ ಬೀದಿಗೆ ಹಾಕಿದರು," ಎಂದರು ಇಂಗ್ಲಿಷಿನಲ್ಲಿ. "ನೀವು ಅದಕ್ಕೆ ದೀಪ ಹಚ್ಚಿದ್ದೀರಾ?"

ನಾಚಿಕೆಯಿಂದ ಕುಗ್ಗಿಹೋದೆ. ಸೊಸೆಗೂ ಈ ಸಂಗತಿ ಗೊತ್ತಿರಲಿಲ್ಲ ಪಾಪ, ಕಣ್ಣು ತುಂಬಿಕೊಂಡಳು. ಹೀಗೇ ಬಿಟ್ಟರೆ ಅಜ್ಜಿ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಅನ್ನಿಸಿತು. ಸ್ಟೂಲ್ ಎಳೆದುಕೊಂಡು ಹತ್ತಿದೆ.

ಅರಿಶಿನ ಕುಂಕುಮಕ್ಕೆ ಬಂದಿದ್ದ ಪಕ್ಕದ ಬೀದಿಯ ಹಿರಿಯ ಆಂಟಿ ಹೌಹಾರಿದರು. "ಅಯ್ಯಯ್ಯೋ, ಕೂರಿಸಿದ್ಮೇಲೆ ವಿಜಯದಶಮಿವರೆಗೂ ಅಲ್ಲಾಡಿಸ್ಬಾರ್ದು ಕಣ್ರೀ!"

"ರಾಜ-ರಾಣೀನ ಯಾರು ಮುಟ್ಟಿದ್ರು ಆಂಟಿ? ಅವ್ರು ಅಲ್ಲೇ ಇರ್ಲಿ. ಇದು ಅವರ ಮನೆ ಅಲ್ವೇ ಅಲ್ಲ," ಎಂದು ಕೋಟೆಯನ್ನು ಎತ್ತಿ ತಂದು ನೆಲದ ಮೇಲೆ ಕುಕ್ಕಿದೆ. ಇನ್ನೂ ಕೂರಿಸಿರದ ಹಳ್ಳಿ ಗೊಂಬೆಗಳ ಸೆಟ್ಟಿನಲ್ಲಿದ್ದ ಹುಲ್ಲಿನ ಗುಡಿಸಲೊಂದನ್ನು ಅಜ್ಜಿಯ ಕೈಗೆ ಕೊಟ್ಟೆ.

"ಅವರೇನು ಕೂಗಿದರು?" ಅಜ್ಜಿ ಕೇಳಿದರು.

"ಒಂದು ಸಲ ಕೂರಿಸಿದರೆ ಹಬ್ಬ ಮುಗಿಯುವ ತನಕ ಯಾರೂ ಎಬ್ಬಿಸುವ ಹಾಗಿಲ್ಲ ಅಂತ."

"ಈ ಗುಡಿಸಲನ್ನೂ?"

"ಅದನ್ನೂ. ಯಾರಪ್ಪ ಬಂದರೂ ಅಷ್ಟೇ!"

ಅಜ್ಜಿ ಮೆಲ್ಲಗೆ ಬಗ್ಗಿ, ಗುಡಿಸಲನ್ನು ಕೋಟೆಯ ಬಾಗಿಲಿಗೆ ಅಡ್ಡವಾಗಿಯೇ ಊರಿದರು. ಮರುದಿನ ಬೆಳಿಗ್ಗೆ ವಾಪಸ್ ಹೊರಡಬೇಕಿದ್ದವರು ಸೊಸೆಯ ಕಡೆ ತಿರುಗಿ, "ಹಬ್ಬ ಮುಗಿಯುವ ತನಕ ನಾನು ಇಲ್ಲೇ ಇರುತ್ತೇನೆ," ಎಂದರು. "ಕಾವಲಿಗೆ."