ಗೇಟಿನ ಗೋಡೆಯ ಮೇಲೊಂದು ಕ್ಯೂಆರ್ ಕೋಡ್

ಗೆಳೆಯರೇ, ವಿಜಯನಗರಕ್ಕೆ ಬಂದು ನಾಲ್ಕು ವರ್ಷವಾಯಿತು. ನೆರೆಹೊರೆಯವರು ನನ್ನ ಮನೆ ಮುಂದೆ ಬಂದು ನಿಂತದ್ದು ಇವತ್ತೇ ಮೊದಲು.

ಬೆಳಿಗ್ಗೆ ಗೇಟಿನ ಗೋಡೆಗೆ ಒಂದು ಕ್ಯೂಆರ್ ಕೋಡ್ ಅಂಟಿಸಿದ್ದೆ. ನಮ್ಮ ಕಡೆ ಇದಿನ್ನೂ ಹೊಸದು. ಕಪ್ಪು-ಬಿಳಿ ಚೌಕಗಳ ಒಳಗೆ ನಾವು ಬರೆದ ಮಾತು ಅಡಗಿರುತ್ತದೆ. ಅದಕ್ಕೆಂದೇ ಇರುವ ತಂತ್ರಾಂಶ ಹಾಕಿಕೊಂಡ ಕ್ಯಾಮೆರಾ ಫೋನ್ ಹಿಡಿದರೆ ಓದಬಹುದು. ಇಂಟರ್ನೆಟ್‌ನಲ್ಲಿ ಎರಡೇ ನಿಮಿಷದಲ್ಲಿ ತಯಾರಾಯಿತು.

ಮನೆ ಓನರ್ ಏದುಸಿರು ಬಿಡುತ್ತಾ ಬಂದರು. ಹಿಂದೆ ನಾಲ್ಕು ಜನ.

"ಏನ್ ಸಾರ್, ಮೆಟ್ರೋಗೆ ಮನೆ ಒಡೆಯೋಕೆ ಗುರುತು ಹಾಕಿ ಹೋಗಿದಾರೆ, ಒಂದು ಮಾತು ಹೇಳ್ಬಾರ್ದಾ?"

"ಇಲ್ಲ ಸಾರ್, ನಾನೇ ಅಂಟಿಸಿದ್ದು. ಫೋನಲ್ಲಿ ಓದ್ಬಹುದು."

ಎಲ್ಲರೂ ಫೋನ್ ತೆಗೆದರು. ಯಾರದ್ದರಲ್ಲೂ ಆ ತಂತ್ರಾಂಶ ಇರಲಿಲ್ಲ.

"ಮನೆ ಉಳೀತಲ್ಲ, ಸಾಕು. ನಾನು ಒಲೆ ಮೇಲೆ ಸಾರು ಇಟ್ಟು ಬಂದಿದೀನಿ" ಎಂದು ಎದುರು ಮನೆ ಆಂಟಿ ಹೊರಟರು. ಉಳಿದವರೂ ನಗುತ್ತಾ ಹೋದರು. ಅದರಲ್ಲಿ ಏನು ಬರೆದಿದೆ ಎಂದು ಯಾರೂ ಕೇಳಲಿಲ್ಲ.

ಕೋಡ್ ಸರಿಯಿದೆಯೇ ಎಂದು ನನ್ನ ಫೋನನ್ನೇ ಹಿಡಿದು ನೋಡಿದೆ. ಸರಿಯಾಗಿಯೇ ಇತ್ತು: "ಮನೆಯಲ್ಲೇ ಇದ್ದೇನೆ. ಬನ್ನಿ, ಕಾಫಿ ಕುಡಿಯೋಣ."

ಇಷ್ಟು ಕರೆದ ಮೇಲೂ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ನಾನೇ ಒಳಗೆ ಹೋದೆ.