ಮೊಣಕೈ ಮೇಲಿನ ಮಿಡಿತ

ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರು ಬೆಚ್ಚಿಬಿದ್ದರು. "ಏನಪ್ಪಾ, ಕೆನ್ನೆಗೆ ಐಸ್ ಇಡ್ತಿದ್ದೀಯಾ?"

"ನನ್ನ ಕೈಯೇ ಸಾರ್. ಸೆಖೆಗಾಲದಲ್ಲಿ ಇದಕ್ಕೆ ಬೇರೆ ಚಾರ್ಜು," ಎಂದು ಕ್ಷೌರಿಕ ನಗಿಸಿದ. ಆದರೆ ಚರ್ಮ ಎಳೆದು ಹಿಡಿಯುವ ಎಡಗೈ ಬೆರಳುಗಳು ಕೆಲವು ದಿನಗಳಿಂದ ತಣ್ಣಗಿದ್ದವು. ಉಂಗುರ ಬೆರಳಿನ ತುದಿ ಕಪ್ಪಾಗುತ್ತಿತ್ತು. ಆ ಬೆರಳುಗಳು ಹಿಡಿಯದಿದ್ದರೆ ಬಲಗೈಯ ಕತ್ತಿಗೆ ಕೆಲಸವೇ ಇಲ್ಲ.

"ನಗೋದು ಆಮೇಲೆ. ಮೊದಲು ಆಸ್ಪತ್ರೆಗೆ ಹೋಗು," ಎಂದರು ಮೇಷ್ಟ್ರು.

ಅದೇ ಕೈಯ ಮೊಣಕೈ ಮೇಲೆ ಒಂದು ಗಂಟೂ ಎದ್ದಿತ್ತು. ಅದಕ್ಕೆ ಮಾತ್ರ ಅವನು ಹೆದರಿರಲಿಲ್ಲ. ಡಯಾಲಿಸಿಸ್ ನಡೆಯುತ್ತಿದ್ದ ಕಾಲದಲ್ಲಿ ಸೂಜಿ ಚುಚ್ಚಲೆಂದು ಆ ತೋಳಿನ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದರು. ಬೆಳಿಗ್ಗೆ ಎದ್ದಕೂಡಲೇ ಅಕ್ಕ ಅಲ್ಲಿ ಕಿವಿಯಿಟ್ಟು, "ಝುಂ ಅಂತಿದೆ ಕಣೋ, ದೇವರು ದೊಡ್ಡವನು" ಎನ್ನುತ್ತಿದ್ದಳು. ಮಿಡಿಯದಿದ್ದರೆ ಆಸ್ಪತ್ರೆಗೆ ಓಟ. ಆಮೇಲೆ ಅಕ್ಕನೇ ಕಿಡ್ನಿ ಕೊಟ್ಟಳು. ಫಿಸ್ಟುಲಾ ಮುಚ್ಚಿಸಿದ್ದೂ ಆಯಿತು. ವರ್ಷಗಳ ನಂತರ ಅಲ್ಲೇ ಮತ್ತೆ ಮಿಡಿತ ಕಂಡಾಗ, ಹಳೆಯ ಗೆಳೆಯ ಬಂದನೆಂದು ಸವರಿಕೊಂಡಿದ್ದ.

"ಇದು ಫಿಸ್ಟುಲಾ ಅಲ್ಲ," ಎಂದರು ಡಾಕ್ಟರು. "ಅದಕ್ಕೆ ರಕ್ತ ಕೊಡ್ತಿದ್ದ ದೊಡ್ಡ ನಾಳ ಬಲೂನಿನ ಹಾಗೆ ಉಬ್ಬಿದೆ. ಒಳಗೆ ಹೆಪ್ಪುಗಟ್ಟಿದ ರಕ್ತದ ಚೂರುಗಳು ಬೆರಳಿಗೆ ಹೋಗಿ ಸಿಕ್ಕಿಕೊಳ್ತಿವೆ. ಉಬ್ಬಿದ ಭಾಗ ತೆಗೆದು ಕಾಲಿನ ನಾಳ ಜೋಡಿಸಬೇಕು. ಮುಚ್ಚಿದಾಗಲೇ ಹೇಳಿದ್ದೆನಲ್ಲ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಅಂತ?"

"ಯಾರಿಗೆ ಹೇಳಿದ್ರಿ ಸಾರ್?"

ಡಾಕ್ಟರು ಜೊತೆಗೆ ಬಂದಿದ್ದ ಅಕ್ಕನ ಕಡೆ ನೋಡಿದರು.

ಹೊರಗಿನ ಬೆಂಚಿನ ಮೇಲೆ ಅಕ್ಕನೇ ಬಾಯಿಬಿಟ್ಟಳು. "ನೀನಿನ್ನೂ ಮಂಪರಲ್ಲಿದ್ದೆ. ಎಚ್ಚರ ಆದಾಗ ಎಷ್ಟೋ ವರ್ಷದ ಮೇಲೆ ನೀನು ನಕ್ಕೆ ಕಣೋ. ಆ ನಗು ಕೆಡಿಸೋಕೆ ಮನಸ್ಸು ಬರಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತಲೇ..."

"ಗಂಟು ಕಂಡ ಮೇಲೂ?"

"ಅದು ಮಿಡೀತಿತ್ತಲ್ಲೋ. ಒಳ್ಳೇದೇ ಅಂದ್ಕೊಂಡೆ."

ಬೇರೆ ಯಾರಾದರೂ ಆಗಿದ್ದರೆ ಅವನು ಮುಖ ನೋಡುವುದನ್ನೇ ಬಿಡುತ್ತಿದ್ದ. ಇವಳನ್ನು ಎಲ್ಲಿಗೆ ಅಂತ ಬಿಡುವುದು? ಹೊಟ್ಟೆಯೊಳಗೇ ಇದ್ದಾಳೆ.

"ನನ್ನ ಕೈ ಅಕ್ಕಾ ಅದು," ಎಂದ. "ನನಗೆ ಹೇಳಬೇಕಿತ್ತು."

ಆಪರೇಷನ್ ಆಯಿತು. ಬೆರಳುಗಳಿಗೆ ಬಿಸುಪು ಮರಳಿತು, ಕಪ್ಪಾಗಿದ್ದ ತುದಿಯನ್ನು ಮಾತ್ರ ಕತ್ತರಿಸಬೇಕಾಯಿತು. ಉಳಿದ ಬೆರಳುಗಳಲ್ಲೇ ಕೆನ್ನೆ ಎಳೆದು ಹಿಡಿಯುವುದನ್ನು ಅವನು ಹೊಸದಾಗಿ ಕಲಿತುಕೊಂಡ.

ಮುಂದಿನ ತಪಾಸಣೆಗೂ ಅಕ್ಕ ಜೊತೆಗೆ ಬಂದಳು. ಸರದಿ ಬಂದಾಗ, ಅಭ್ಯಾಸಬಲದಿಂದ, ಅವನಿಗಿಂತ ಮೊದಲೇ ಎದ್ದಳು.

"ನೀನು ಇಲ್ಲೇ ಕೂತ್ಕೋ," ಎಂದು ಅವನೊಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.